ಮುಂಗಾರು ನೆನೆಸಿದ ಅದಿರು, ಕಡಲು ಸೇರಿದ ಹಡಗು

ಹಾಸನ ಜಿಲ್ಲೆಯ ನಮ್ಮ ಮಾದಿಹಳ್ಳಿ ಸೀಮೆಯ ನೀರೆಲ್ಲ ಪೂರ್ವಕ್ಕೆ ಹರಿಯುತ್ತದೆ. ಯಗಚಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು, ಕಾವೇರಿ ಬಂಗಾಳ ಕೊಲ್ಲಿಯನ್ನು. ಜನ ಮಾತ್ರ ಕಡಲು ನೋಡಬೇಕೆನಿಸಿದರೆ ಪಶ್ಚಿಮಕ್ಕೆ ಇಳಿಯುತ್ತಾರೆ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಮಧ್ಯಾಹ್ನದೊಳಗೆ ಮಂಗಳೂರು. ಪಣಂಬೂರು, ತಣ್ಣೀರುಬಾವಿ, ಸುರತ್ಕಲ್, ಉಳ್ಳಾಲ, ಸೋಮೇಶ್ವರ ನಮ್ಮ ಕಡೆಯ ಶಾಲಾ ಪ್ರವಾಸಗಳಿಗೂ ಭಾನುವಾರದ ಕುಟುಂಬಗಳಿಗೂ ಚಿರಪರಿಚಿತ ಹೆಸರುಗಳು. ಆ ದಡಗಳಿಂದ ಸ್ವಲ್ಪ ದೂರದಲ್ಲಿ, ನೀರಿನಡಿ, ಮುಳುಗಿದ ಹಡಗುಗಳ ಒಂದು ಚರಿತ್ರೆಯೇ ಇದೆ. ಅದರ ಒಂದು ಅಧ್ಯಾಯ ಅರಸೀಕೆರೆ ಜಂಕ್ಷನ್ನಿನ ಮೂಲಕವೇ ಹಾದುಹೋಗಿದೆ.

ನವಮಂಗಳೂರು ಬಂದರನ್ನು ಇಂದಿರಾ ಗಾಂಧಿಯವರು 1975ರ ಜನವರಿಯಲ್ಲಿ ಉದ್ಘಾಟಿಸಿದರು. ಪಣಂಬೂರಿನ ಮರಳ ದಂಡೆಯನ್ನು ಕೊರೆದು ಮಾಡಿದ ಬಂದರು ಅದು. ಒಳಗೆ ಹಡಗಿಗೆ ಅಲೆಗಳ ಕಾಟವಿಲ್ಲ. ಆದರೆ ಸರದಿಗಾಗಿ ಹೊರಗೆ ಲಂಗರು ಹಾಕಿ ನಿಂತ ಹಡಗಿಗೂ ಸರಕು ತುಂಬಿಕೊಂಡು ಹೊರಟ ಹಡಗಿಗೂ ತೆರೆದ ಅರಬ್ಬೀ ಸಮುದ್ರವೇ ಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಎಂಥ ಕಡಲೆಂದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಲೇಖನದಲ್ಲಿ ಬರುವ ಅವಘಡಗಳ ತಿಂಗಳುಗಳನ್ನು ಗಮನಿಸಿದರೆ ಹೆಚ್ಚಿನವು ಮಳೆಗಾಲದವು, ಇಲ್ಲವೇ ಅದರ ಹೊಸ್ತಿಲಿನವು.

2000ದ ನಂತರದ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳು ಕಬ್ಬಿಣದ ಅದಿರಿಗಾಗಿ ಬಾಯಿ ತೆರೆದು ಕುಳಿತಿದ್ದವು. ಬಳ್ಳಾರಿ, ಹೊಸಪೇಟೆ ಸೀಮೆಯ ಅದಿರು ಲಾರಿಗಳಲ್ಲಿ ಶಿರಾಡಿ ಘಾಟಿ ಇಳಿಯಿತು. ಆ ಭಾರಕ್ಕೆ ರಸ್ತೆ ಕಿತ್ತುಹೋದುದನ್ನು ಹಾಸನ, ಸಕಲೇಶಪುರದವರು ಇನ್ನೂ ಮರೆತಿಲ್ಲ. ಬ್ರಾಡ್‌ಗೇಜ್ ಆದ ಹಾಸನ–ಮಂಗಳೂರು ಹಳಿಯ ಮೇಲೆ 2006ರಲ್ಲಿ ಗೂಡ್ಸ್ ರೈಲು ಓಡತೊಡಗಿದ ಮೇಲೆ ಅದಿರಿನ ರೇಕುಗಳು ಅರಸೀಕೆರೆ, ಹಾಸನ ದಾಟಿ ಸುಬ್ರಹ್ಮಣ್ಯ ಘಾಟಿ ಇಳಿದವು. ನಮ್ಮೂರುಗಳ ಮೇಲೆ ಕೆಂಪು ಧೂಳು ಚೆಲ್ಲಿ ಹೋದದ್ದು ಬಂದರಿನಲ್ಲಿ ಬಯಲಲ್ಲೇ ಗುಡ್ಡೆಗುಡ್ಡೆಯಾಗಿ ಬಿದ್ದು ಹಡಗಿಗಾಗಿ ಕಾಯುತ್ತಿತ್ತು. ಆ ಗುಡ್ಡೆಗಳ ಮೇಲೆ ಮುಂಗಾರು ಸುರಿಯಿತು.

ಕಷ್ಟ ಹುಟ್ಟಿದ್ದು ಅಲ್ಲಿ. ಅದಿರಿನ ಪುಡಿ ನೋಡಲು ಒಣಗಿದಂತೆಯೇ ಇರುತ್ತದೆ, ಕಣಗಳ ನಡುವೆ ನೀರು ಅಡಗಿರುತ್ತದೆ. ಹಡಗು ಅಲೆಗೆ ತೂಗಾಡಿದಂತೆ, ಎಂಜಿನ್ನಿನ ಅದುರಾಟಕ್ಕೆ ಸಿಕ್ಕಂತೆ ಕಣಗಳು ಒತ್ತೊತ್ತಾಗಿ ಕೂರುತ್ತವೆ, ನಡುವಿನ ನೀರಿಗೆ ಜಾಗ ಸಾಲದೆ ಒತ್ತಡ ಏರುತ್ತದೆ. ಒಂದು ಹಂತದಲ್ಲಿ ಗುಡ್ಡೆಯಾಗಿದ್ದ ಸರಕು ಇದ್ದಕ್ಕಿದ್ದಂತೆ ಕೆಸರಾಗುತ್ತದೆ. ಪಣಂಬೂರಿನ ಒದ್ದೆ ಮರಳಿನ ಮೇಲೆ ನಿಂತು ಪಾದ ಅಲುಗಿಸಿ ನೋಡಿ. ಗಟ್ಟಿಯಿದ್ದ ಮರಳು ಸಡಿಲಾಗಿ ನೀರು ಮೇಲೆ ಬರುತ್ತದೆ, ಪಾದ ಇಳಿಯುತ್ತದೆ. ಸಾವಿರಾರು ಟನ್ ಸರಕಿನಲ್ಲಿ ಅದೇ ಆದರೆ, ಹಡಗು ಒಂದು ಕಡೆಗೆ ವಾಲಿದಾಗ ಕೆಸರೂ ಆ ಕಡೆಗೇ ಹರಿಯುತ್ತದೆ, ಮರಳಿ ಬರುವಾಗ ಪೂರ್ತಿ ವಾಪಸಾಗುವುದಿಲ್ಲ. ಪ್ರತಿ ತೂಗಿಗೂ ವಾಲು ಹೆಚ್ಚುತ್ತದೆ. ಹಲವು ಸಲ ನಾವಿಕರಿಗೆ ಕೈಗೆ ಸಿಗುವುದು ಕೆಲವೇ ನಿಮಿಷ.

2009ರ ಜುಲೈನಲ್ಲಿ 'ಏಷಿಯನ್ ಫಾರೆಸ್ಟ್' ಎಂಬ ಹಡಗಿಗೆ ಆದದ್ದು ಇದೇ. ನವಮಂಗಳೂರಿನಲ್ಲಿ ಸುಮಾರು 13,600 ಟನ್ ಅದಿರು ತುಂಬಿಕೊಂಡು ಚೀನಾಕ್ಕೆ ಹೊರಟ ಹಡಗು ಮಂಗಳೂರಿನ ಹೊರಗೇ ವಾಲಿ ಮುಳುಗಿತು. ಅದರಲ್ಲಿದ್ದ 18 ಮಂದಿ ಚೀನೀ ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಉಳಿಸಿತು. ಎರಡು ತಿಂಗಳೊಳಗೆ ಒಡಿಶಾದ ಪಾರಾದೀಪ್ ಬಳಿ ಅದಿರು ಹೊತ್ತ 'ಬ್ಲ್ಯಾಕ್ ರೋಸ್' ಮುಳುಗಿತು. ಅದಕ್ಕೂ ಮೊದಲು, 2007ರಲ್ಲಿ, ಅದಿರು ತುಂಬಿದ್ದ 'ಚಾಂಗ್ ಲೆ ಮೆನ್' ಇದೇ ಮಂಗಳೂರಿನ ಹೊರಗೆ ಮುಳುಗಿತ್ತು. ಅದೇ ವರ್ಷದ ಜೂನ್‌ನಲ್ಲಿ ಎರಿಟ್ರಿಯಾದ 'ಡೆನ್ ಡೆನ್' ತಣ್ಣೀರುಬಾವಿಯ ಬಳಿ ಕಡಲಿನ ಪಾಲಾಗಿತ್ತು.

ಇಂಥ ದುರಂತಗಳ ಸಾಲು ನೋಡಿಯೇ ಜಗತ್ತಿನ ಹಡಗು ನಿಯಮಗಳು ಬಿಗಿಯಾದವು. ಘನ ಸರಕು ಸಾಗಣೆಯ ಅಂತರರಾಷ್ಟ್ರೀಯ ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯವಾಯಿತು. ಅದಿರಿನ ಪುಡಿಗೆಂದೇ ಪ್ರತ್ಯೇಕ ನಿಯಮ 2017ರಲ್ಲಿ ಬಂತು. ಸರಕಿನ ತೇವಾಂಶ ಇಂತಿಷ್ಟನ್ನು ಮೀರಿದರೆ ಹಡಗಿಗೆ ಏರಿಸುವಂತಿಲ್ಲ. ಕಪ್ತಾನನಿಗೆ ಅನುಮಾನ ಬಂದರೆ ಕೈಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ: ಡಬ್ಬಿಯಲ್ಲಿ ಅರ್ಧದಷ್ಟು ಅದಿರು ಹಾಕಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ 25 ಸಲ ಗಟ್ಟಿ ನೆಲಕ್ಕೆ ಕುಟ್ಟಬೇಕು. ಮೇಲೆ ನೀರು ಒಸರಿದರೆ ಪ್ರಯೋಗಾಲಯದ ಪರೀಕ್ಷೆಯಾಗದೆ ಆ ಸರಕನ್ನು ತುಂಬುವಂತಿಲ್ಲ. ಒಂದು ಡಬ್ಬಿಯಲ್ಲಿ ಮುಗಿಯುವ ಎಚ್ಚರ ಇದು. ಆತುರದ ವ್ಯಾಪಾರದಲ್ಲಿ ಅದಕ್ಕೂ ಪುರುಸೊತ್ತಿಲ್ಲದೆ ಹೋದದ್ದು ನನ್ನನ್ನು ಈಗಲೂ ಕೆರಳಿಸುತ್ತದೆ. ನಮ್ಮ ರಾಜ್ಯ ಸರ್ಕಾರ 2010ರ ಜುಲೈನಲ್ಲಿ ಬಂದರುಗಳಿಂದ ಅದಿರು ರಫ್ತನ್ನು ತಡೆಯಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಕಾರಣ ಅಕ್ರಮ ಗಣಿ, ಹಡಗುಗಳಲ್ಲ. ಆದರೂ ಮಳೆಯಲ್ಲಿ ನೆನೆದ ಅದಿರು ಕಡಲಿಗಿಳಿಯುವುದು ಅಂದು ನಿಂತಿತು. ರಫ್ತಿನ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತೆರವುಗೊಳಿಸಿದೆ. ಹಾಗಾಗಿ ಇದನ್ನು ಹಳೆಯ ಕತೆಯೆಂದು ಮಡಚಿಡುವಂತಿಲ್ಲ.

ಎಲ್ಲ ಹಡಗೂ ಅದಿರಿನಿಂದಲೇ ಮುಳುಗಲಿಲ್ಲ. 2006ರ ಮೇ ಕೊನೆಯಲ್ಲಿ 'ಓಷನ್ ಸೆರಾಯ' ಕಾರವಾರದ ದೀಪಸ್ತಂಭದ ದ್ವೀಪದ ಬಳಿ ಬಂಡೆಗೆ ಬಡಿದು ಒಡೆಯಿತು, ಅದರ ಎಣ್ಣೆ ಗೋವಾದ ದಡದವರೆಗೂ ಹರಡಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ 'ಕೋರಮಂಡಲ್ ಸಪೋರ್ಟರ್' ಎಂಬ ಟಗ್ ಮೂಲ್ಕಿಯ ಬಂಡೆಗಳಿಗೆ ಸಿಕ್ಕಿಕೊಂಡಿತು. ಅದರ ಒಂಬತ್ತು ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕರಾವಳಿ ರಕ್ಷಣಾ ಪಡೆ ಸೇರಿ ಪಾರುಮಾಡಿದವು. ಅದೇ ಬಿರುಗಾಳಿಗೆ ಮಗುಚಿದ 'ಅಲಯನ್ಸ್' ಟಗ್ಗಿನಲ್ಲಿ ಕೆಲವರು ಈಜಿ ದಡ ಸೇರಿದರು, ಕೆಲವರು ಸೇರಲಿಲ್ಲ. ಅದರ ಒಡಲು ಬಂದು ಬಿದ್ದದ್ದು ಬ್ಲೂ ಫ್ಲ್ಯಾಗ್ ಮನ್ನಣೆಯ ಪಡುಬಿದ್ರೆ ಕಡೆಯ ತೀರಕ್ಕೆ. 2022ರ ಜೂನ್ 21ರಂದು, ಚೀನಾದಿಂದ ಲೆಬನಾನಿಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಹೊತ್ತು ಹೊರಟಿದ್ದ 'ಪ್ರಿನ್ಸೆಸ್ ಮಿರಾಲ್' ಉಳ್ಳಾಲದ ಬಟ್ಟಪ್ಪಾಡಿ ಎದುರು ನೀರು ತುಂಬಿಕೊಂಡು ಕೂತಿತು. 15 ಮಂದಿ ಸಿರಿಯನ್ ನಾವಿಕರು ಬದುಕಿದರು. ಹಡಗಿನ ಟ್ಯಾಂಕುಗಳಲ್ಲಿದ್ದ ಎಣ್ಣೆ ಎಲ್ಲಿ ಸೋರುವುದೋ ಎಂದು ತೀರದ ಊರುಗಳು ಆ ಮಳೆಗಾಲವನ್ನು ಆತಂಕದಲ್ಲಿ ಕಳೆದವು.

ವಿದೇಶದ ದೊಡ್ಡ ಹಡಗು ಮುಳುಗಿದರೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಮೀನುಗಾರರ ಬೋಟು ಮುಳುಗಿದರೆ ಅಳುವವರು ಮನೆಯವರು. 'ಸುವರ್ಣ ತ್ರಿಭುಜ' ಎಂಬ ಬೋಟು ಮಲ್ಪೆಯಿಂದ ಹೊರಟದ್ದು 2018ರ ಡಿಸೆಂಬರ್ 13ರಂದು. ಎರಡು ದಿನಗಳ ಬಳಿಕ ಏಳು ಮೀನುಗಾರರ ಸಮೇತ ಸಂಪರ್ಕ ಕಡಿದುಕೊಂಡಿತು. ಹುಡುಕಿಕೊಡಿ ಎಂದು ಮೀನುಗಾರರು ಜನವರಿಯಲ್ಲಿ ಉಡುಪಿಯ ಹೆದ್ದಾರಿಯಲ್ಲೇ ಕೂತರು. ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ. ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣದ ಹೊರಗೆ, ಸುಮಾರು 60 ಮೀಟರ್ ಆಳದಲ್ಲಿ ಅದನ್ನು ಗುರುತಿಸಿತು. ಈ ಕರಾವಳಿಯ ಹಡಗುಗಳ ಚರಿತ್ರೆ ಬರೆಯುವವರು ಆ ಬೋಟನ್ನು ಬಿಟ್ಟರೆ ಅನ್ಯಾಯ.

ಮುಳುಗಿದ ಮೇಲೂ ಹಡಗು ಸುಮ್ಮನಿರುವುದಿಲ್ಲ. ನೀರಿನಡಿಯ ಕಬ್ಬಿಣಕ್ಕೆ ಬಲೆ ಸಿಕ್ಕಿದರೆ ಹರಿಯುತ್ತದೆ, ನಷ್ಟ ಮೀನುಗಾರನದು. ಅವಶೇಷವನ್ನು ತೆಗೆಯುವ ಹೊಣೆ ಮಾಲೀಕನದೇ ಎಂದು 2007ರ ನೈರೋಬಿ ಒಪ್ಪಂದ ಹೇಳುತ್ತದೆ, 300 ಟನ್ನೇಜ್ ಮತ್ತು ಅದಕ್ಕೂ ದೊಡ್ಡ ಹಡಗುಗಳಿಗೆ ಅದರ ವಿಮೆಯನ್ನು ಕಡ್ಡಾಯ ಮಾಡುತ್ತದೆ. 2015ರಲ್ಲಿ ಜಾರಿಗೆ ಬಂದ ಈ ಒಪ್ಪಂದಕ್ಕೆ ಭಾರತವೂ ಸೇರಿದೆ. ಆದರೆ ಒಂದು ದೇಶದ ಧ್ವಜ, ಇನ್ನೊಂದು ದೇಶದ ಮಾಲೀಕ, ಮತ್ತೊಂದು ದೇಶದ ವಿಮೆ ಇರುವ ಹಡಗಿನ ಹಿಂದೆ ಬಿದ್ದು ಹಣ ವಸೂಲಿ ಮಾಡುವಷ್ಟರಲ್ಲಿ ಮಳೆಗಾಲಗಳು ಕಳೆದಿರುತ್ತವೆ.

ಪಣಂಬೂರು, ತಣ್ಣೀರುಬಾವಿ, ಉಳ್ಳಾಲದ ದಡಗಳಲ್ಲಿ ಪ್ರವಾಸೋದ್ಯಮ ಇಲಾಖೆಯೂ ಬಂದರಿನವರೂ ಸೇರಿ ಒಂದೊಂದು ಫಲಕ ನಿಲ್ಲಿಸಲಿ. ಯಾವ ಹಡಗು, ಯಾವ ತಿಂಗಳು, ಏನು ಹೊತ್ತಿತ್ತು, ಏಕೆ ಮುಳುಗಿತು ಎಂದು ಕನ್ನಡದಲ್ಲಿ ಬರೆಯಲಿ, ಮೀನುಗಾರರ ಬೋಟುಗಳ ಹೆಸರನ್ನೂ ಸೇರಿಸಲಿ. ಘಾಟಿ ಇಳಿದು ಹೋಗುವ ನಮ್ಮವರು ಅದನ್ನು ಮಕ್ಕಳಿಗೆ ಓದಿಸಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋದರೆ ದಡದಲ್ಲೇ ನಿಂತು ನೋಡಿ, ನೀರಿಗೆ ಇಳಿಯಬೇಡಿ.