ಅವಧಿಪೂರ್ವ ಶಿಶು ಎದೆಹಾಲು ಚೀಪಲು ಸಿದ್ಧವೇ? ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ದಿನ ತುಂಬುವ ಮೊದಲೇ ಜನಿಸಿದ ಮಗು ಎದೆಗೆ ಹಾಕಿದಾಗ ಹಾಲು ಚೀಪದಿದ್ದರೆ, ಮನೆಯವರು ಸಾಮಾನ್ಯವಾಗಿ ತಾಯಿಗೆ ಹಾಲಿಲ್ಲವೆಂದೋ ಮಗುವಿಗೆ ಹಸಿವಿಲ್ಲವೆಂದೋ ತೀರ್ಮಾನಿಸುತ್ತಾರೆ. ಅನೇಕ ಸಂದರ್ಭಗಳಲ್ಲಿ ಇವೆರಡೂ ಕಾರಣವಾಗಿರುವುದಿಲ್ಲ. ಚೀಪುವುದು, ನುಂಗುವುದು ಮತ್ತು ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ನಡೆಸುವ ಸಾಮರ್ಥ್ಯ ಆ ಶಿಶುವಿಗೆ ಇನ್ನೂ ಬಂದಿರುವುದಿಲ್ಲ. ಇದನ್ನು ಅರಿಯದೆ ಹಸುವಿನ ಹಾಲನ್ನೋ ಸಕ್ಕರೆ ನೀರನ್ನೋ ಕುಡಿಸಿದರೆ ಸೋಂಕಿನ ಅಪಾಯವಿದೆ. ಬಲವಂತವಾಗಿ ಬಾಯಿಗೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ವಾರಗಳ ಲೆಕ್ಕ

ಗರ್ಭಧಾರಣೆಯ 37 ವಾರಗಳು ಪೂರ್ಣಗೊಳ್ಳುವ ಮುನ್ನ ಜನಿಸಿದ ಶಿಶುವನ್ನು ಅವಧಿಪೂರ್ವ ಶಿಶು ಎನ್ನಲಾಗುತ್ತದೆ. ಇಂತಹ ಶಿಶುವಿನ ವಯಸ್ಸನ್ನು ಹುಟ್ಟಿದ ದಿನದಿಂದ ಮಾತ್ರವಲ್ಲದೆ, ಗರ್ಭದಲ್ಲಿ ಕಳೆದ ವಾರಗಳನ್ನೂ ಸೇರಿಸಿ ಲೆಕ್ಕ ಹಾಕಬೇಕು. ಉದಾಹರಣೆಗೆ, 31ನೇ ವಾರದಲ್ಲಿ ಜನಿಸಿದ ಮಗು 21 ದಿನಗಳ ನಂತರ 34 ವಾರಗಳನ್ನು ತಲುಪಿರುತ್ತದೆ.

ಸಾಮಾನ್ಯವಾಗಿ 32 ವಾರಗಳಿಗಿಂತ ಮೊದಲು ಹಾಲನ್ನು ನಳಿಕೆಯ ಮೂಲಕ ನೇರವಾಗಿ ಹೊಟ್ಟೆಗೆ ನೀಡಬೇಕಾಗುತ್ತದೆ. 32ರಿಂದ 34 ವಾರಗಳ ನಡುವೆ ಹಿಂಡಿದ ಎದೆಹಾಲನ್ನು ಒಳಲೆ ಅಥವಾ ಚಮಚದಿಂದ ಕುಡಿಸಬಹುದು. 34 ವಾರಗಳ ನಂತರ ಹೆಚ್ಚಿನ ಶಿಶುಗಳು ನೇರವಾಗಿ ಎದೆಹಾಲು ಚೀಪಬಲ್ಲವು. ಆದರೆ ವಾರಗಳ ಲೆಕ್ಕ ಒಂದು ಅಂದಾಜು ಮಾತ್ರ. ಒಂದೇ ವಾರದಲ್ಲಿ ಹುಟ್ಟಿದ ಎರಡು ಮಕ್ಕಳಲ್ಲಿ ಒಂದು ಬೇಗ, ಇನ್ನೊಂದು ತಡವಾಗಿ ಕಲಿಯಬಹುದು. ಆದ್ದರಿಂದ ಅಂತಿಮ ನಿರ್ಧಾರವನ್ನು ಶಿಶುವನ್ನು ಗಮನಿಸಿಯೇ ಕೈಗೊಳ್ಳಲಾಗುತ್ತದೆ.

ಸಿದ್ಧತೆಯ ಗುರುತುಗಳು

ವೈದ್ಯರು ಮತ್ತು ಶುಶ್ರೂಷಕಿಯರು ಮೊದಲು ಉಸಿರಾಟವನ್ನು ಪರಿಶೀಲಿಸುತ್ತಾರೆ. ಒಂದು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರಾಡುವ, ಉಸಿರೆಳೆದಾಗ ಪಕ್ಕೆ ಒಳಸೇರುವ ಶಿಶುವಿಗೆ ಬಾಯಿಯ ಮೂಲಕ ಹಾಲುಣಿಸುವುದು ಸುರಕ್ಷಿತವಲ್ಲ. ಉಸಿರಾಟ ಸ್ಥಿರವಾಗಿದ್ದರೆ ಮುಂದಿನ ಗುರುತುಗಳನ್ನು ನೋಡುತ್ತಾರೆ: ಹಾಲುಣಿಸುವ ವೇಳೆಗೆ ಮಗು ಎಚ್ಚರವಾಗಿರುವುದು, ಕೆನ್ನೆ ಮುಟ್ಟಿದಾಗ ಆ ಕಡೆಗೆ ಬಾಯಿ ತಿರುಗಿಸುವುದು, ನಾಲಿಗೆ ಚಾಚಿ ನೆಕ್ಕುವುದು, ಕೈಯನ್ನು ಬಾಯಿಗೆ ಒಯ್ಯುವುದು.

ಎದೆಗೆ ಹಾಕಿದ ನಂತರ ಮಗು ಬಾಯಿ ಅಗಲವಾಗಿ ತೆರೆದು ಹಿಡಿಯುವುದೇ, ಕೆಲವು ಬಾರಿ ಚೀಪಿ ನುಂಗಿ, ತುಸು ನಿಂತು ಉಸಿರಾಡಿ ಮತ್ತೆ ಚೀಪುವುದೇ ಎಂಬುದು ಮುಖ್ಯ. ನಡುವೆ ನಿಲ್ಲುವುದು ದೌರ್ಬಲ್ಯವಲ್ಲ, ವಿಶ್ರಾಂತಿ. ಆದರೆ ಕೆಮ್ಮು ಬಂದರೆ, ತುಟಿ ನೀಲಿಯಾದರೆ, ಉಸಿರು ಕಟ್ಟಿದರೆ ತಕ್ಷಣ ನಿಲ್ಲಿಸಬೇಕು. ನಳಿಕೆಯಿಂದ ಎದೆಗೆ ಬದಲಾಗುವುದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ದಿನಕ್ಕೆ ಒಂದೆರಡು ಬಾರಿ ಎದೆಗೆ ಹಾಕಿ, ಉಳಿದ ಹಾಲನ್ನು ಒಳಲೆ ಅಥವಾ ನಳಿಕೆಯಿಂದ ನೀಡುತ್ತಾ ಕ್ರಮೇಣ ಹೆಚ್ಚಿಸಲಾಗುತ್ತದೆ.

ಕಾಯುವ ಅವಧಿಯಲ್ಲಿ

ಮಗು ಚೀಪದ ದಿನಗಳಲ್ಲಿ ಹಾಲು ಹಿಂಡದಿದ್ದರೆ ತಾಯಿಯ ಹಾಲು ಕಡಿಮೆಯಾಗುತ್ತದೆ. ಆದಕಾರಣ ರಾತ್ರಿಯೂ ಸೇರಿದಂತೆ ಎರಡು ಮೂರು ಗಂಟೆಗೊಮ್ಮೆ, ದಿನಕ್ಕೆ ಸುಮಾರು ಎಂಟು ಬಾರಿ ಹಾಲು ಹಿಂಡಬೇಕು. ಹಳದಿ ಬಣ್ಣದ ಮೊದಲ ಹಾಲನ್ನು ಚೆಲ್ಲಬಾರದು. ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸುವ ಕಾಂಗರೂ ಆರೈಕೆಯು ಮಗುವಿನ ಮೈ ಬಿಸಿಯನ್ನು ಕಾಪಾಡುವುದಲ್ಲದೆ ಹಾಲು ಹೆಚ್ಚಲು ಸಹ ನೆರವಾಗುತ್ತದೆ. ದಿನಕ್ಕೆ 8ರಿಂದ 24 ಗಂಟೆಗಳ ಕಾಲ ಇದನ್ನು ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ತಾಯಿ ದಣಿದಾಗ ತಂದೆ ಅಥವಾ ಅಜ್ಜಿಯೂ ಈ ಆರೈಕೆ ನೀಡಬಹುದು.

ಮನೆಗೆ ಬಂದ ನಂತರ

ಅವಧಿಪೂರ್ವ ಶಿಶು ಹಸಿದಾಗ ಅಳದೆ ನಿದ್ರಿಸುತ್ತಲೇ ಇರಬಹುದು. ಅಳದ ಮಗು ಹೊಟ್ಟೆ ತುಂಬಿದ ಮಗು ಎಂದು ಭಾವಿಸದೆ, ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲುಣಿಸಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ಮೂತ್ರ ವಿಸರ್ಜನೆ ಹಾಗೂ ಕ್ರಮವಾದ ತೂಕ ಹೆಚ್ಚಳ ಹಾಲು ಸಾಕಾಗುತ್ತಿರುವುದರ ಲಕ್ಷಣಗಳು. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಏದುಸಿರು ಬಿಟ್ಟರೆ ಅಥವಾ ನಿತ್ರಾಣಗೊಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಸದಸ್ಯರ ಪಾತ್ರ

ಶಿಶುವಿನ ಪರೀಕ್ಷೆ ಆರೋಗ್ಯ ಸಿಬ್ಬಂದಿಯ ಕೆಲಸ. ಸದಸ್ಯರು ಸಲಹೆ ನೀಡಲು ಹೋಗಬಾರದು. ಆದರೆ ಮಗು ಯಾರ ಗಮನಕ್ಕೂ ಬಾರದೆ ಉಳಿಯದಂತೆ ನೋಡಿಕೊಳ್ಳಲು ಅವರಿಂದ ಸಾಧ್ಯ.

1. ಬಾಣಂತನಕ್ಕೆ ತವರಿಗೆ ಬಂದ ತಾಯಿಯ ಹೆಸರು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಇರಬಹುದು. ಹೀಗಾದಾಗ ಎರಡೂ ಊರುಗಳಲ್ಲಿ ಮನೆ ಭೇಟಿ ತಪ್ಪುವ ಸಂಭವವಿದೆ. ವಾರ್ಡಿನಲ್ಲಿ ಇಂತಹ ಮಗುವಿರುವುದು ತಿಳಿದ ದಿನವೇ ಸ್ಥಳೀಯ ಆಶಾ ಕಾರ್ಯಕರ್ತೆಗೆ ತಿಳಿಸುವುದು.

2. ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರಕರಣಗಳಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನ ಮನೆಗೆ ಭೇಟಿ ನೀಡಬೇಕು. ಈ ಭೇಟಿಗಳು ನಡೆದಿವೆಯೇ, ತೂಕ ನೋಡುವ ಯಂತ್ರ ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವಿಚಾರಿಸುವುದು.

3. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅನಾರೋಗ್ಯಪೀಡಿತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮತ್ತು ಸಾಗಣೆ ಉಚಿತವೆಂಬುದನ್ನು ಗ್ರಾಮಸಭೆಯಲ್ಲಿ ತಿಳಿಸುವುದು.

4. ಕೂಲಿ ಅಥವಾ ಮನೆಗೆಲಸದ ಒತ್ತಡದಿಂದ ತಾಯಿ ಮಗುವನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಬೇಕಾದ ಸ್ಥಿತಿ ಇದ್ದರೆ, ಹಿರಿಯ ಮಕ್ಕಳ ಊಟ ಮತ್ತು ಆರೈಕೆಗೆ ಅಂಗನವಾಡಿ, ಸ್ವಸಹಾಯ ಸಂಘಗಳ ನೆರವು ದೊರಕಿಸುವುದು.

ತಾಯಿ ಮಗುವಿನ ಬಳಿಯೇ ಉಳಿದು ಹಾಲು ಹಿಂಡುತ್ತಿದ್ದರೆ, ಮಗು ಚೀಪಲು ಸಿದ್ಧವಾದ ದಿನ ಅದಕ್ಕೆ ಹಾಲು ದೊರೆಯುತ್ತದೆ. ಅಲ್ಲಿಯವರೆಗೆ ತಾಯಿಯನ್ನು ದೂಷಿಸದೆ ಜೊತೆಗಿರುವ ಕುಟುಂಬ ಮತ್ತು ಗ್ರಾಮವೇ ಆ ಮಗುವಿಗೆ ಬೇಕಾಗಿರುವುದು.