ಆಶಾನಿಕೇತನ: ಅಶಕ್ತರೇ ಹಿರಿಯರಾದ ಮನೆ

ಇಟ್ಟಿಗಿ, ಹಡಗಲಿ, ಕೊಟ್ಟೂರು ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗುವ ತಂದೆತಾಯಿಗಳಲ್ಲಿ ಕೆಲವರ ಮಡಿಲಲ್ಲಿ ಮಾತು ಬಾರದ, ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದ ಮಗುವಿರುತ್ತದೆ. ಪರೀಕ್ಷೆಗಳೆಲ್ಲ ಮುಗಿದು, ಇದು ಔಷಧಿಯಿಂದ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ ಮೇಲೆ ಅವರಿಗೆ ಉಳಿಯುವುದು ಒಂದೇ ಪ್ರಶ್ನೆ: “ನಾವು ಇರೋತನಕ ನೋಡ್ಕೋತೀವ್ರಿ, ನಮ್ಮ ಹಿಂದ ಇದನ್ನ ಯಾರು ನೋಡ್ತಾರ?”

ಆ ಆಸ್ಪತ್ರೆಗೆ ಹೆಚ್ಚು ದೂರವಿಲ್ಲದ ಬನ್ನೇರುಘಟ್ಟ ರಸ್ತೆಯಲ್ಲಿ ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಕೊಡದೆ, ಇಂಥವರೊಂದಿಗೆ ಮನೆ ಮಾಡಿಕೊಂಡು ಬಾಳುತ್ತಾ ಬಂದ ಬಳಗವೊಂದಿದೆ. ಹೆಸರು ಆಶಾನಿಕೇತನ. 1970ರಲ್ಲಿ ಗೇಬ್ರಿಯೆಲ್ ಐನ್ಸ್ಲೆ ಎಂಬ ಮಹಿಳೆಯ ಮುಂದಾಳತ್ವದಲ್ಲಿ ಶುರುವಾಯಿತು. ‘ಲಾರ್ಶ್’ ಎಂಬ ಜಾಗತಿಕ ಬಳಗಕ್ಕೆ ಸೇರಿದ, ಭಾರತದ ಮೊಟ್ಟಮೊದಲ ಮನೆ ಇದು. ಮುಂದೆ ಕೋಲ್ಕತ್ತ, ಚೆನ್ನೈ, ಕೇರಳದ ಕೋಯಿಕ್ಕೋಡ್ ಬಳಿಯ ನಂದಿಬಜಾರ್ ಮುಂತಾದ ಕಡೆಗಳಲ್ಲೂ ಇದೇ ಹೆಸರಿನ ಮನೆಗಳು ಎದ್ದವು.

ಲಾರ್ಶ್ ಹುಟ್ಟಿದ್ದು 1964ರಲ್ಲಿ, ಫ್ರಾನ್ಸಿನ ತ್ರೋಲಿ-ಬ್ರೇಯ್ ಎಂಬ ಹಳ್ಳಿಯಲ್ಲಿ. ಕೆನಡಾದ ಗವರ್ನರ್ ಜನರಲ್ ಆಗಿದ್ದವರ ಮಗ ಜಾನ್ ವಾನಿಯೇ ನೌಕಾಪಡೆಯ ಅಧಿಕಾರಿಯಾಗಿದ್ದು, ಅದನ್ನು ಬಿಟ್ಟು ಅರಿಸ್ಟಾಟಲ್ ಮೇಲೆ ಡಾಕ್ಟರೇಟ್ ಮಾಡಿದವರು. ಅವರು ಬುದ್ಧಿಮಾಂದ್ಯರ ವಸತಿ ಸಂಸ್ಥೆಯೊಂದರಲ್ಲಿದ್ದ ರಫಾಯೆಲ್ ಸಿಮಿ, ಫಿಲಿಪ್ ಸ್ಯು ಎಂಬಿಬ್ಬರನ್ನು ಕರೆತಂದು, ಹಳೆಯ ಸಣ್ಣ ಮನೆಯೊಂದರಲ್ಲಿ ಅವರ ಜೊತೆ ಸಂಸಾರ ಹೂಡಿದರು. ಅಡಿಗೆ, ಊಟ, ಜಗಳ, ಪ್ರಾರ್ಥನೆ ಎಲ್ಲವೂ ಒಟ್ಟಿಗೆ. ಇಂದು ಇಂಥ ಬಳಗಗಳು 150ಕ್ಕೂ ಹೆಚ್ಚು ಇವೆ. ಬೇರು ಕ್ರೈಸ್ತ, ಅದರಲ್ಲೂ ಕ್ಯಾಥೋಲಿಕ್. ಆದರೆ ಬೆಂಗಳೂರಿನ ಮನೆ ಮೊದಲ ದಿನಗಳಿಂದಲೇ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ಕೂಡಿ ಬಾಳುವ ಮನೆಯಾಯಿತು. ಗಾಂಧೀಜಿಯ ಬದುಕು ತಮ್ಮ ಮೇಲೆ ಆಳವಾದ ಪ್ರಭಾವ ಬೀರಿತೆಂದು ವಾನಿಯೇ ಹೇಳುತ್ತಿದ್ದರು. ಬೆಂಗಳೂರಿನ ಮನೆಯ ಈ ಕೂಡುಬಾಳಿನಲ್ಲಿ ಆ ಪ್ರಭಾವ ಕಾಣುತ್ತದೆ ಎಂದೇ ನನಗನ್ನಿಸುತ್ತದೆ.

ಇದನ್ನು ಆಶ್ರಮವೆಂದೋ ಅನಾಥಾಲಯವೆಂದೋ ಕರೆದರೆ ತಪ್ಪಾಗುತ್ತದೆ. ಇಲ್ಲಿ ವಾರ್ಡನ್ ಇಲ್ಲ, ವಾರ್ಡೂ ಇಲ್ಲ. ಬುದ್ಧಿ ಬೆಳವಣಿಗೆ ಕುಂಠಿತವಾದವರು ಮನೆಯ ಮೂಲ ಸದಸ್ಯರು. ಅವರೊಡನೆ ಬಂದು ನೆಲೆಸುವವರು ಸಹಾಯಕರು. ಸಹಾಯಕರು ಬರುತ್ತಾರೆ, ಕೆಲವು ವರ್ಷ ಇದ್ದು ಹೋಗುತ್ತಾರೆ. ಮನೆಯ ಹಿರಿತನ ಮಾತ್ರ ಮೂಲ ಸದಸ್ಯರದ್ದು. ಹಗಲು ಹೊತ್ತು ಕೈಕೆಲಸ ನಡೆಯುತ್ತದೆ, ಸಂಜೆ ದೀಪ ಹಚ್ಚಿ ಎಲ್ಲರೂ ಸುತ್ತ ಕೂರುತ್ತಾರೆ. ಯಾರದಾದರೂ ಹುಟ್ಟುಹಬ್ಬ ಬಂದರೆ ಆ ಮನುಷ್ಯನಿಂದ ಮನೆಗೆ ಏನು ಸಿಕ್ಕಿತು ಎಂಬುದನ್ನು ಒಬ್ಬೊಬ್ಬರಾಗಿ ಹೇಳುವುದು ಲಾರ್ಶ್ ಮನೆಗಳಲ್ಲೆಲ್ಲ ಇರುವ ರೂಢಿ. ಹುಟ್ಟಿದಾಗಿನಿಂದ “ಇವನಿಂದ ಏನಾದೀತು” ಎಂಬ ಮಾತನ್ನೇ ಕೇಳಿ ಬೆಳೆದವನಿಗೆ ಆ ಸಂಜೆ ಎಷ್ಟು ದೊಡ್ಡದೆಂಬುದು ನಮ್ಮಂಥವರಿಗೆ ಸುಲಭವಾಗಿ ಅಂದಾಜಿಗೆ ಸಿಗುವುದಿಲ್ಲ.

ಧೈರ್ಯ ಎಂದೊಡನೆ ನಮಗೆ ನೆನಪಾಗುವುದು ಎದೆಯುಬ್ಬಿಸಿ ನಿಂತವರು. ಈ ಮನೆಯಲ್ಲಿ ಧೈರ್ಯ ಬೇಕಾಗುವುದು ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಇನ್ನೊಬ್ಬರ ಮುಂದೆ ಹೋಗಿ ನಿಲ್ಲುವುದಕ್ಕೆ. ನನ್ನಿಂದ ಆಗದು, ಕೈ ಹಿಡಿ ಎಂದು ದಿನಕ್ಕೆ ಹತ್ತು ಸಲ ಕೇಳುವುದಕ್ಕೆ. ಮೂಲ ಸದಸ್ಯರಿಗೆ ಇದು ನಿತ್ಯದ ಬದುಕು. ಓದಿ ಬರೆದು, ಸೇವೆ ಮಾಡುತ್ತೇನೆಂದು ಉತ್ಸಾಹದಿಂದ ಬಂದ ಸಹಾಯಕರಿಗೇ ಇದು ಕಷ್ಟ. ಲಾರ್ಶ್‌ನಲ್ಲಿ ಬಾಳಿದವರು ಬರೆದುಕೊಂಡಿರುವುದರಲ್ಲಿ ಮತ್ತೆ ಮತ್ತೆ ಬರುವ ಸಂಗತಿಯಿದು: ಅವರನ್ನು ದಣಿಸಿದ್ದು ಕೆಲಸದ ಹೊರೆಗಿಂತ ತಮ್ಮೊಳಗೇ ಇದ್ದ ಸಿಟ್ಟು. ತುತ್ತು ಇಳಿಯಲು ಅರ್ಧ ಗಂಟೆ ಬೇಕಾದವನ ಎದುರು ಕೂತಾಗ ತನ್ನ ತಾಳ್ಮೆ ಎಷ್ಟು ತೆಳು ಎಂಬುದು ಗೊತ್ತಾಗುತ್ತದೆ. ಅದನ್ನು ಮನೆಯವರೆದುರು ಒಪ್ಪಿಕೊಂಡವರು ಉಳಿಯುತ್ತಾರೆ.

ಹೆನ್ರಿ ನೌವೆನ್ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಡಚ್ ಪಾದ್ರಿ, ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದವರು, ಪುಸ್ತಕಗಳಿಂದ ಹೆಸರು ಮಾಡಿದವರು. 1986ರಲ್ಲಿ ಎಲ್ಲ ಬಿಟ್ಟು ಕೆನಡಾದ ಟೊರೊಂಟೊ ಬಳಿಯಿದ್ದ ಲಾರ್ಶ್ ಬಳಗಕ್ಕೆ ಬಂದರು. ಅಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಆಡಮ್ ಎಂಬ ಯುವಕನನ್ನು ಬೆಳಗ್ಗೆ ಎಬ್ಬಿಸಿ ತಯಾರು ಮಾಡುವುದು. ಆಡಮ್‌ಗೆ ಮಾತಿಲ್ಲ, ಒಬ್ಬನೇ ನಡೆಯಲಾರ, ಆಗಾಗ ಫಿಟ್ಸ್ ಬರುತ್ತಿತ್ತು. ಸ್ನಾನ ಮಾಡಿಸಿ, ಗಡ್ಡ ಹೆರೆದು, ಹಲ್ಲುಜ್ಜಿಸಿ, ಬಟ್ಟೆ ತೊಡಿಸಿ, ತಿಂಡಿಗೆ ಕೂರಿಸುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ತಾಸು. ಎಲ್ಲಿ ಬೀಳಿಸಿಬಿಡುತ್ತೇನೋ ಎಂದು ಮೊದಮೊದಲು ಪ್ರೊಫೆಸರರ ಕೈ ನಡುಗುತ್ತಿತ್ತು. ಅವಸರ ಮಾಡಿದ ದಿನ ಆಡಮ್‌ಗೆ ಫಿಟ್ಸ್ ಬಂದು ಎಲ್ಲ ಕೆಲಸ ನಿಲ್ಲುತ್ತಿತ್ತು. ನಿಧಾನ ಮಾಡು ಎಂದು ಹೇಳಲು ಅವನಿಗಿದ್ದ ಭಾಷೆ ಅದೊಂದೇ ಎಂದು ನೌವೆನ್ ಅರ್ಥ ಮಾಡಿಕೊಂಡರು. ತಮ್ಮ ಪುಸ್ತಕ, ಬಿರುದು ಯಾವುದೂ ಲೆಕ್ಕಕ್ಕಿಲ್ಲದ ಆ ಜೀವದಲ್ಲಿ ತಮ್ಮ ಬದುಕಿನ ಗುರುವನ್ನು ಕಂಡರು. 1996ರಲ್ಲಿ ಆಡಮ್ ತೀರಿಕೊಂಡ, ಅದೇ ವರ್ಷ ನೌವೆನ್ ಕೂಡ. ಆಡಮ್ ಕುರಿತು ಅವರು ಬರೆದ ಪುಸ್ತಕ ಮರುವರ್ಷ ಪ್ರಕಟವಾಯಿತು.

ಲಾರ್ಶ್‌ನ ಈ ಬದುಕಿನ ಹಿಂದೆ ಬೈಬಲ್ಲಿನ ಎರಡು ಹಳೆಯ ಸಂಗತಿಗಳಿವೆ. ಸಂತ ಪೌಲನಿಗೆ ಮೈಯಲ್ಲಿ ಮುಳ್ಳಿನಂತೆ ಚುಚ್ಚುವ ಯಾವುದೋ ಬಾಧೆಯಿತ್ತು. ಅದನ್ನು ತೆಗೆಯೆಂದು ಮೂರು ಸಲ ದೇವರಲ್ಲಿ ಮೊರೆಯಿಟ್ಟರೂ ಅದು ಹೋಗಲಿಲ್ಲ. ದೈವಬಲ ಕೆಲಸ ಮಾಡುವುದು ಅಶಕ್ತಿಯಲ್ಲೇ ಎಂಬ ಉತ್ತರ ಸಿಕ್ಕಿತೆಂದು ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಇನ್ನೊಂದು, ಯೊವಾನ್ನನ ಸುವಾರ್ತೆಯಲ್ಲಿ ಕಡೆಯ ಊಟದ ರಾತ್ರಿ ಯೇಸು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು. ನಮ್ಮ ಸೀಮೆಯವರಿಗೆ ಪಾದಪೂಜೆ ಹೊಸದೇನಲ್ಲ. ಕೊಟ್ಟೂರಿನ ಸುತ್ತಮುತ್ತ ಗುರು ಜಂಗಮರು ಮನೆಗೆ ಬಂದರೆ ಭಕ್ತರು ಕಾಲು ತೊಳೆದು ಬರಮಾಡಿಕೊಳ್ಳುತ್ತಾರೆ. ಸುವಾರ್ತೆಯಲ್ಲಾದರೆ ಗುರುವೇ ಬಗ್ಗಿದ. ಶಿಷ್ಯ ಪೇತ್ರನಿಗೆ ಇದು ಸಹಿಸಲಾಗಲಿಲ್ಲ, ಬೇಡವೆಂದು ಹಟ ಹಿಡಿದ. ಲಾರ್ಶ್ ಮನೆಗಳಲ್ಲಿ ಆ ರಾತ್ರಿಯನ್ನು ನೆನೆಯುವ ಪವಿತ್ರ ಗುರುವಾರದ ಹೊತ್ತಿಗೆ ಎಲ್ಲರೂ ವೃತ್ತವಾಗಿ ಕೂತು, ಒಬ್ಬರು ಪಕ್ಕದವರ ಕಾಲು ತೊಳೆಯುತ್ತಾರೆ. ತೊಳೆಸಿಕೊಂಡವರು ತೊಳೆದವರ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ, ಬಳಿಕ ತಮ್ಮ ಪಕ್ಕದವರ ಮುಂದೆ ಮಂಡಿಯೂರುತ್ತಾರೆ. ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು, ಹೆಗಲ ಮೇಲೊಂದು ಟವೆಲ್ಲು. ಮಾತು ಬಾರದವನ ನಡುಗುವ ಕೈಗಳು ಮನೆಯ ಮುಖ್ಯಸ್ಥರ ಅಂಗಾಲು ಒರೆಸುತ್ತವೆ. ಮತ್ತೊಬ್ಬರ ಕಾಲು ತೊಳೆಯುವುದು ಅಷ್ಟೇನೂ ಕಷ್ಟವಲ್ಲ, ಪೇತ್ರನಂತೆ ನಾವೂ ಹಿಂಜರಿಯುವುದು ನಮ್ಮ ಕಾಲನ್ನು ಮುಂದೆ ಚಾಚುವುದಕ್ಕೆ.

ಇಷ್ಟಕ್ಕೇ ನಿಲ್ಲಿಸಿದರೆ ಈ ಪರಿಚಯ ಅರ್ಧ ಸುಳ್ಳಾಗುತ್ತದೆ. ವಾನಿಯೇ 2019ರ ಮೇ 7ರಂದು, ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಲೋಕ ಅವರನ್ನು ಜೀವಂತ ಸಂತನೆಂದೇ ಕರೆದಿತ್ತು. 2020ರ ಫೆಬ್ರುವರಿಯಲ್ಲಿ ಒಂದು ತನಿಖಾ ವರದಿ ಹೊರಬಂತು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ವಾನಿಯೇ ಆರು ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗ ಮಾಡಿಕೊಂಡಿದ್ದರೆಂದು ಅದು ಹೇಳಿತು. 2023ರ ಜನವರಿಯಲ್ಲಿ ಬಂದ ಇನ್ನೂ ದೊಡ್ಡ ಅಧ್ಯಯನ ಆ ಸಂಖ್ಯೆಯನ್ನು 25ಕ್ಕೆ ಏರಿಸಿತು. ಅವರ ಗುರು, ಪಾದ್ರಿ ಥಾಮಸ್ ಫಿಲಿಪ್ ಇಂಥದ್ದೇ ತಪ್ಪಿಗಾಗಿ 1956ರಲ್ಲೇ ವ್ಯಾಟಿಕನ್ನಿನಿಂದ ಶಿಕ್ಷೆಗೊಳಗಾಗಿದ್ದವರು, ಅದು ಗೊತ್ತಿದ್ದೂ ವಾನಿಯೇ ಮುಚ್ಚಿಟ್ಟಿದ್ದರು. ಬುದ್ಧಿಮಾಂದ್ಯರ ಮೇಲೆ ಇಂಥದ್ದು ನಡೆದ ಕುರುಹು ಎರಡೂ ವರದಿಗಳಿಗೆ ಸಿಗಲಿಲ್ಲ. ಹಾಗೆಂದು ನೊಂದ ಮಹಿಳೆಯರ ನೋವು ಕಡಿಮೆಯಾಗುವುದಿಲ್ಲ, ಅವರ ಮಾತನ್ನು ಮೊದಲೇ ಕೇಳಬೇಕಿತ್ತು.

ಈ ತನಿಖೆಗಳನ್ನು ಮಾಡಿಸಿದ್ದು ಲಾರ್ಶ್ ಸಂಸ್ಥೆಯೇ. ವರದಿಗಳನ್ನು ಲೋಕಕ್ಕೆ ಬಿಚ್ಚಿಟ್ಟು, ನೊಂದವರ ಧೈರ್ಯಕ್ಕೆ ತಲೆಬಾಗಿ ಕ್ಷಮೆ ಕೇಳಿದ್ದೂ ಅದೇ. ಸ್ಥಾಪಕನ ಹೆಸರು ಉಳಿಸಲು ಕಡತ ಮುಚ್ಚಿಡುವ ಮಠ, ಚರ್ಚು, ಟ್ರಸ್ಟುಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ದೀನತೆಯ ಬಗ್ಗೆ ವಾನಿಯೇ ಬರೆದ ಪುಸ್ತಕಗಳಿಗಿಂತ ಈ ತಪ್ಪೊಪ್ಪಿಗೆಯನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ. ಮನೆಗಳು ಮುಚ್ಚಲಿಲ್ಲ. ಮರುದಿನ ಬೆಳಗ್ಗೆಯೂ ಯಾರಿಗೋ ಸ್ನಾನ ಮಾಡಿಸಬೇಕಿತ್ತು, ಯಾರಿಗೋ ತಿಂಡಿ ತಿನ್ನಿಸಬೇಕಿತ್ತು. ಆ ಮನೆಗಳನ್ನು ಹಿಡಿದು ನಿಲ್ಲಿಸಿದವರು ಮೂಲ ಸದಸ್ಯರು, ವಾನಿಯೇ ಅಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 15 ಲಕ್ಷ ಮಂದಿ ಬುದ್ಧಿಮಾಂದ್ಯರಿದ್ದರು. ಬೆಂಗಳೂರಿನ ಒಂದು ಮನೆ ಎಷ್ಟು ಜನರಿಗೆ ಇಂಬು ಕೊಟ್ಟೀತು? ಹರಪನಹಳ್ಳಿ, ಕೂಡ್ಲಿಗಿ ಕಡೆಯ ಬಡವರು ಗುಳೆ ಹೋದಾಗ ಇಂಥ ಮಕ್ಕಳು ಅಜ್ಜಿಯ ಪಾಲಿಗೆ ಉಳಿಯುತ್ತಾರೆ. ಕಣ್ಣು ಮಂಜಾದ ಅಜ್ಜಿ, ಇಪ್ಪತ್ತು ದಾಟಿದ ಮೊಮ್ಮಗ. ದಾಸೋಹ ಬಲ್ಲ ನೆಲ ನಮ್ಮದು, ಅನ್ನಕ್ಕೇನೂ ಊರು ಹಿಂದೆಗೆಯದು. ಆದರೆ ಅವನನ್ನು ಮದುವೆಗೆ, ತೇರಿಗೆ ಜೊತೆಗೆ ಕರೆದುಕೊಂಡು ಹೋಗುವವರು, ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳುವವರು ಇನ್ನೂ ಹೆಚ್ಚಬೇಕು. ಆಶಾನಿಕೇತನದಿಂದ ನಾವು ಎರವಲು ತರಬೇಕಾದದ್ದು ಈ ಒಡನಾಟವನ್ನೇ. ಇದಕ್ಕೆ ಕಟ್ಟಡ ಬೇಡ, ಅನುದಾನವೂ ಬೇಡ.

ತಂದೆತಾಯಿಗಳಿಗೆ ಒಂದು ಮಾತು. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಮಗುವಿಗೆ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡು ಮಾಡಿಸಿ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಮಗ ಅಥವಾ ಮಗಳಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಡುವ ಜಿಲ್ಲಾ ಮಟ್ಟದ ಸಮಿತಿಯಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ನಮ್ಮ ವಿಜಯನಗರ ಜಿಲ್ಲೆಯವರಿಗೆ ಜಿಲ್ಲಾಧಿಕಾರಿ ಕಚೇರಿ ಹೊಸಪೇಟೆಯಲ್ಲಿದೆ. ನಿಮ್ಮ ಹಿಂದೆ ಯಾರು ಎಂಬುದನ್ನು ಬಂಧುಬಳಗದಲ್ಲಿ ಕೂತು ಮಾತಾಡಿ ಗೊತ್ತು ಮಾಡಿ, ನೀವು ಗಟ್ಟಿಯಾಗಿರುವಾಗಲೇ ಪಾಲಕರ ನೇಮಕಕ್ಕೆ ಅರ್ಜಿ ಹಾಕಿ.