ಮೇಲಧಿಕಾರಿಗೆ ಹೋದ ಒಂದು ಪುಟ

1924ರ ಮೇ 16. ಅಮೆರಿಕದ ಬೆಲ್ ದೂರವಾಣಿ ಜಾಲಕ್ಕೆ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್ ಅವರಿಗೆ ಒಂದು ಟಿಪ್ಪಣಿ ಕಳಿಸಿದರು. ಇದ್ದದ್ದು ಒಂದೇ ಪುಟ, ಅದರಲ್ಲಿ ಮೂರನೇ ಒಂದು ಭಾಗ ಬರೀ ಚಿತ್ರ. ಕಂಟ್ರೋಲ್ ಚಾರ್ಟ್ ಹುಟ್ಟಿದ್ದು ಹಾಗೆ.

ನೆಲದಡಿ ಹೂತ ಉಪಕರಣ ಕೆಟ್ಟರೆ ಮತ್ತೆ ಅಗೆಯಬೇಕು. ಆ ಭಯಕ್ಕೆ ಕಾರ್ಖಾನೆಯವರು ತಪ್ಪು ಕಂಡಾಗಲೆಲ್ಲ ಯಂತ್ರ ತಿರುವುತ್ತಿದ್ದರು. ತಿರುವಿದಷ್ಟೂ ಏರುಪೇರು ಹೆಚ್ಚುತ್ತಿತ್ತು. ಒಂದೇ ಹಿಟ್ಟು, ಒಂದೇ ಕೈ, ಆದರೂ ಎರಡು ದೋಸೆ ಒಂದೇ ಅಳತೆಗೆ ಬರುವುದಿಲ್ಲವಲ್ಲ! ಆ ಸಹಜ ಏರಿಳಿತಕ್ಕೆ ಶೂಹಾರ್ಟ್ ಮೇಲೊಂದು, ಕೆಳಗೊಂದು ಗೆರೆ ಎಳೆದರು. ಪ್ರತಿ ಅಳತೆಗೂ ಇಡುವ ಚುಕ್ಕಿ ಆ ಗೆರೆಗಳ ನಡುವೆ ಇದ್ದು, ಸಾಲಾಗಿ ಒಂದೇ ಕಡೆ ವಾಲದಿದ್ದರೆ ಯಂತ್ರ ಮುಟ್ಟಬೇಡಿ. ಗೆರೆ ದಾಟಿದರೆ ನಿಲ್ಲಿಸಿ, ಕಾರಣ ಹುಡುಕಿ. ಕೈಕಟ್ಟಿ ಕೂರುವುದೂ ಮ್ಯಾನೇಜರ್ ಮಾಡಬೇಕಾದ ಕೆಲಸವೇ ಎಂದು ನನಗೆ ಹೇಳಿಕೊಟ್ಟದ್ದು ಈ ಚಾರ್ಟ್. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಇದಕ್ಕೇ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸಾವಿರಾರು ಎಂಜಿನಿಯರುಗಳಿಗೆ, ಇನ್‌ಸ್ಪೆಕ್ಟರುಗಳಿಗೆ ಈ ವಿದ್ಯೆ ಕಲಿಸಿತು. ಅವರ ಮೇಲಿದ್ದವರು ಕಲಿಯಲಿಲ್ಲ. ಯುದ್ಧ ಮುಗಿದು, ಮಾಡಿದ್ದೆಲ್ಲ ಮಾರಾಟವಾಗತೊಡಗಿದಾಗ ಚಾರ್ಟುಗಳು ಗೋಡೆಯಿಂದ ಇಳಿದವು. ಆ ಪಾಠ ನೆನಪಿಟ್ಟುಕೊಂಡಿದ್ದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋದಾಗ, ಕಂಪನಿಗಳ ಅಧ್ಯಕ್ಷರನ್ನೇ ಎದುರು ಕೂರಿಸಿಕೊಂಡು ಮಾತಾಡಿದರು. ಮುಂದಿನ ಜಪಾನನ್ನು ನಾವೆಲ್ಲ ಬಲ್ಲೆವು.

ಅದಕ್ಕೂ ಮುಂಚೆ, 1947–48ರಲ್ಲಿ, ಶೂಹಾರ್ಟ್ ಅವರೇ, ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಅವರ ಕರೆಗೆ ಓಗೊಟ್ಟು ಭಾರತಕ್ಕೆ ಬಂದಿದ್ದರು. ಮುಂದೆ ಆ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ ಬೆಂಗಳೂರಿಗೂ ಬಂತು. ಇಷ್ಟು ಹತ್ತಿರ ಬಂದ ವಿದ್ಯೆ ಕೈಜಾರಿದ್ದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಗೆ ನಾನು ಹೋದಾಗ, ಲೇತ್ ಪಕ್ಕ ಇಂಥದೇ ಚಾರ್ಟ್ ನೇತಾಡುತ್ತಿತ್ತು. ಚುಕ್ಕಿಗಳೆಲ್ಲ ಗೆರೆಯೊಳಗೇ ಇದ್ದವು. ಆದರೂ ನಿನ್ನೆಗಿಂತ ಎರಡು ಪೀಸ್ ಹೆಚ್ಚು ರಿಜೆಕ್ಟ್ ಆದರೆ ಬೆಳಗಿನ ಮೀಟಿಂಗಿನಲ್ಲಿ ಕಾರಣ ಹೇಳಲೇಬೇಕಂತೆ. ಆಪರೇಟರ್ ರಿಜಿಸ್ಟರ್ ತೆರೆದು ತೋರಿಸಿದರು. ಪ್ರತಿ ಸಾಲಿನಲ್ಲೂ ‘ಟೂಲ್ ಬದಲಿಸಲಾಗಿದೆ’.

“ನಿಜಕ್ಕೂ ಬದಲಿಸಿದಿರಾ?” ಎಂದೆ.

“ಇಲ್ಲ ಸಾರ್. ಏನಾದ್ರೂ ಬರೀಬೇಕಲ್ಲ.”